ಹಲ್ಲಿನ ಬೇರು ಅಳೆಯುವ ಲಿಂಗಣ್ಣ

ಲಿಂಗಣ್ಣನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬಂದರೆ, ಅವು ನನ್ನ ಬಾಯಿಂದ ಎಷ್ಟು ಕಷ್ಟಪಟ್ಟು ಹೊರಬಿದ್ದವು ಎಂದು ಓದುವವರಿಗೆ ಗೊತ್ತಿರಲಿ. ಬರೆಯುವಾಗ 'ಅವರು' ಎನ್ನುತ್ತಿದ್ದೇನೆ, ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಮನಸ್ಸಿನಲ್ಲಿ ಎಷ್ಟೋ ದಿನ 'ಅವನು' ಎಂದೇ ಅಂದುಕೊಂಡಿದ್ದೇನೆ.

ನಾವಿಬ್ಬರೂ ಕೆಲಸ ಮಾಡುವುದು ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ, ಕೋಚಿಂಗ್ ಸೆಂಟರುಗಳ ಬೋರ್ಡುಗಳ ಹಿಂದಿನ ಓಣಿಯಲ್ಲಿರುವ ಒಂದು ದಂತ ಸಂಶೋಧನೆಯ ಲ್ಯಾಬಿನಲ್ಲಿ. ಲ್ಯಾಬಿನ ಒಡತಿ ಡಾಕ್ಟರ್ ಭವಾನಿ. ಅವರ ಹಿರಿಯರು ಬೀದರಿನವರು, ಅವರು ಹುಟ್ಟಿ ಬೆಳೆದದ್ದು ಇಲ್ಲೇ. ಹೊರಗೆಲ್ಲ ತೆಲುಗು ಹಿಂದಿ ಆಡಿದರೂ ನಮ್ಮಿಬ್ಬರ ಹತ್ತಿರ ಮನೆಯ ಕನ್ನಡದಲ್ಲೇ ಬೈಯುತ್ತಾರೆ. ವಯಸ್ಸಾದವರಿಗೆ ಒಸಡು ಕೆಳಗೆ ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದಲ್ಲ, ಅಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಆ ಹುಳುಕನ್ನು ತಡೆಯುವ ಒಂದು ಪೇಸ್ಟನ್ನು ಪರೀಕ್ಷಿಸುವುದು ಮೇಡಂ ಹಾಕಿಕೊಂಡ ಮೂರು ವರ್ಷದ ಕೆಲಸ. ಕ್ಲಿನಿಕ್ಕುಗಳಲ್ಲಿ ಕಿತ್ತ ಹಲ್ಲು ತರುತ್ತೇವೆ. ಬೇರಿನ ಮೇಲೆ ಆಮ್ಲ ಹಚ್ಚಿ ಲ್ಯಾಬಿನಲ್ಲೇ ಹುಳುಕು ಮಾಡುತ್ತೇವೆ. ಆಮೇಲೆ ಹಲ್ಲನ್ನು ವಜ್ರದ ಪುಡಿ ಕೂರಿಸಿದ ಚಕ್ರದಲ್ಲಿ ಬಿಲ್ಲೆಯ ಹಾಗೆ ಕೊಯ್ದು, ಉಜ್ಜಿ ಉಜ್ಜಿ ಕೂದಲೆಳೆಯಷ್ಟು ತೆಳ್ಳಗೆ ಮಾಡಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ಹುಳುಕು ಎಷ್ಟು ಆಳ ಇಳಿದಿದೆ ಎಂದು ಅಳೆಯುತ್ತೇವೆ. ಲೆಕ್ಕ ಮೈಕ್ರಾನಿನಲ್ಲಿ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು.

ನಾನು ಕೌಸ್ತುಭ, ಮೈಸೂರಿನವನು, ಎಂ.ಎಸ್ಸಿ. ಮಾಡಿ ಬಂದವನು. ಕೊಂಡಾಪುರದ ಪಿ.ಜಿ.ಯಲ್ಲಿ ಸಾಫ್ಟ್‌ವೇರ್ ಹುಡುಗರ ನಡುವೆ 'ನಾನು ರಿಸರ್ಚ್‌ನಲ್ಲಿದ್ದೇನೆ' ಎಂದು ಹೇಳಿಕೊಳ್ಳುವ ಒಂದೇ ಒಂದು ಪ್ರಾಣಿ. ಲಿಂಗಣ್ಣ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು.

ಅವರ ಊರು ವಾಡಿ ಹತ್ತಿರ. ಅಪ್ಪ ಶಹಾಬಾದಿ ಕಲ್ಲಿನ ಗಣಿಯಲ್ಲಿ ಫರಸಿ ಚಪ್ಪಡಿ ಎಬ್ಬಿಸುತ್ತಿದ್ದರಂತೆ. ಮದುವೆಯಾದ ವರ್ಷ ಹೆಂಡತಿ ಶರಣಬಸಮ್ಮನ ಜೊತೆ ಹೈದರಾಬಾದಿಗೆ ಬಂದು, ಗಚ್ಚಿಬೌಲಿಯಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲದಲ್ಲಿ ನೆಲಕ್ಕೆ ಪಾಲಿಶ್ ಹಿಡಿಯುವ ಕೆಲಸಕ್ಕೆ ಸೇರಿದರು. ಹತ್ತು ವರ್ಷ ಮಂಡಿಯೂರಿ ಗ್ರಾನೈಟ್ ಉಜ್ಜಿ ಮಂಡಿ ಎರಡೂ ಹೋದವು. ಭವಾನಿ ಮೇಡಂ ಮನೆಯ ನೆಲವನ್ನೂ ಇವರೇ ಉಜ್ಜಿದ್ದು. ಅಂಗೈ ಸವರಿ, ಕಲ್ಲು ಎಲ್ಲಿ ಒಂದೆಳೆ ಉಬ್ಬಿದೆ ಎಂದು ಹೇಳುತ್ತಿದ್ದುದನ್ನು ಮೇಡಂ ನಿಂತು ನೋಡಿದರು. ಆಗ ಲ್ಯಾಬಿನಲ್ಲಿ ಹಲ್ಲು ಉಜ್ಜುವಾಗ ಹತ್ತರಲ್ಲಿ ಆರು ಬಿಲ್ಲೆ ಒಡೆದುಹೋಗುತ್ತಿದ್ದವು.

"ಲಿಂಗಣ್ಣ, ಹಲ್ಲು ಉಜ್ಜತೀರೇನ್ರಿ?" ಎಂದು ಮೇಡಂ ಕೇಳಿದರಂತೆ.

"ದಿನಾ ಮುಂಜಾನಿ ಉಜ್ಜತೀನ್ರಿ ಅಕ್ಕಾರ," ಎಂದರಂತೆ ಇವರು.

ಈ ಕಥೆಯನ್ನು ಮೇಡಂ ಲ್ಯಾಬಿಗೆ ಬಂದವರಿಗೆಲ್ಲ ಹೇಳುತ್ತಾರೆ. ನಾನೇ ಹನ್ನೊಂದು ಸಲ ಕೇಳಿದ್ದೇನೆ. ಪ್ರತಿಸಲವೂ ಎಲ್ಲರೂ ನಗುತ್ತಾರೆ, ಲಿಂಗಣ್ಣ ಮುಂದಿನ ಎರಡು ಹಲ್ಲಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದು ನಾಚಿಕೊಳ್ಳುತ್ತಾರೆ, ನಾನು ಗೋಡೆ ನೋಡುತ್ತೇನೆ. ನನ್ನ ಬಗ್ಗೆ ಹೇಳಲು ಮೇಡಂ ಹತ್ತಿರ ಒಂದು ಕಥೆಯೂ ಇರಲಿಲ್ಲ.

ಉಜ್ಜುವುದಷ್ಟೇ ಆಗಿದ್ದರೆ ನನಗೇನೂ ತಕರಾರಿರಲಿಲ್ಲ. ಕೈಕೆಲಸ, ಅವರದ್ದೇ ಇರಲಿ. ಆದರೆ ನಾನು ಬರುವ ಹೊತ್ತಿಗೆ ಅವರು ಮೈಕ್ರೋಸ್ಕೋಪಿನ ಮುಂದೂ ಕೂತಿದ್ದರು. ಹುಳುಕಿನ ಆಳ ಅಳೆಯುವುದು ಕೇಳಿದಷ್ಟು ಸುಲಭವಲ್ಲ. ಬೇರಿನೊಳಗೆ ಕಣ್ಣಿಗೆ ಕಾಣದಂಥ ಸಣ್ಣ ಕೊಳವೆಗಳಿರುತ್ತವೆ, ಆಮ್ಲ ಅವುಗಳ ಮೂಲಕ ಇಳಿಯುತ್ತದೆ. ಹಾಗಾಗಿ ಹುಳುಕು ಇಲ್ಲಿಗೆ ಮುಗಿಯಿತು ಎಂಬ ಗೆರೆ ಸ್ಪಷ್ಟವಾಗಿ ಇರುವುದಿಲ್ಲ. ಹಾಲಿಗೆ ಡಿಕಾಕ್ಷನ್ ಬಿಟ್ಟ ಹಾಗೆ ಹರಡಿಕೊಂಡಿರುತ್ತದೆ. ಆ ಹರಡಿನಲ್ಲಿ ಎಲ್ಲಿ ಗೆರೆ ಹಾಕಬೇಕು ಎನ್ನುವುದು ನೋಡುವವನ ಕಣ್ಣಿಗೆ ಬಿಟ್ಟದ್ದು. ಬೆಳಿಗ್ಗೆ ಒಂದು ಕಡೆ ಕಂಡ ಗೆರೆ ಮಧ್ಯಾಹ್ನ ಇನ್ನೊಂದು ಕಡೆ ಕಾಣುತ್ತದೆ. ಬಿಲ್ಲೆ ಒಣಗಿದರಂತೂ ಮುಗಿದೇ ಹೋಯಿತು, ಬೆಳಕು ಬೇರೆ ಥರ ಹಾಯ್ದು ಎಲ್ಲವೂ ಸುಳ್ಳು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಒಬ್ಬರು ಅಳೆಯುವಾಗ ಇನ್ನೊಬ್ಬರು ಪಕ್ಕದಲ್ಲಿ ಡ್ರಾಪರ್ ಹಿಡಿದು ಕೂತು ಬಿಲ್ಲೆಗೆ ಹನಿ ಹನಿ ನೀರು ಹಾಕುತ್ತಿರಬೇಕು.

ಒಮ್ಮೆ ಮೇಡಂ ತಮಾಷೆಗೆಂಬಂತೆ ಹತ್ತು ಬಿಲ್ಲೆ ಕೊಟ್ಟು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಇಬ್ಬರಿಂದಲೂ ಅಳೆಸಿದರು. ನನ್ನ ಎರಡು ಅಳತೆಗಳ ನಡುವೆ ಸರಾಸರಿ ಮೂವತ್ತೊಂದು ಮೈಕ್ರಾನ್ ವ್ಯತ್ಯಾಸ. ಲಿಂಗಣ್ಣನದು ನಾಲ್ಕು.

"ಕಣ್ಣಿಗೆ ಆಯಾಸ ಆಗಿತ್ತು ಮೇಡಂ," ಎಂದೆ ನಾನು.

"ಲಿಂಗಣ್ಣನ ಕಣ್ಣಿಗೆ ಐವತ್ತೊಂದು ವರ್ಷ," ಎಂದರು ಮೇಡಂ.

ಆ ದಿನ ಮೆಟ್ರೋದಲ್ಲಿ ಮನೆಗೆ ಹೋಗುವಾಗ ಆ ಎರಡು ಅಂಕಿಗಳನ್ನೇ ಹೇಳಿಕೊಳ್ಳುತ್ತಿದ್ದೆ. ದಾರದಿಂದ ಕಟ್ಟಿದ ಕನ್ನಡಕ ಹಾಕುವ, 'ಮೈಕ್ರಾನ್' ಎನ್ನಲು ಬಾರದೆ 'ಮೈಕ್ರ' ಎನ್ನುವ ಈ ಮನುಷ್ಯನಿಗೆ ಕಾಣುವುದು ನನಗೆ ಯಾಕೆ ಕಾಣುವುದಿಲ್ಲ? ನಾನು ಎರಡು ವರ್ಷ ಓದಿದ್ದು ಏನಕ್ಕೆ? ಮುಂಬೈಯಿಂದ ಬಂದಿದ್ದ ಪ್ರೊಫೆಸರೊಬ್ಬರು ಲಿಂಗಣ್ಣನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡಾಗ, ಆ ಫೋಟೋ ತೆಗೆದವನು ನಾನು. ಮಧ್ಯಾಹ್ನ ಮೇಡಂ ತಮ್ಮ ಡಬ್ಬಿ ಬಿಟ್ಟು ಶರಣಬಸಮ್ಮ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಕೈ ಹಾಕಿದರೆ ಅದೂ ನನಗೆ ಉರಿಯುತ್ತಿತ್ತು. ರೊಟ್ಟಿ ನನಗೂ ಕೊಡುತ್ತಿದ್ದರು, ತಿನ್ನುತ್ತಿದ್ದೆ, ಚೆನ್ನಾಗಿಯೇ ಇರುತ್ತಿತ್ತು. ಅದರಿಂದ ಇನ್ನೂ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಜೂನಿನಲ್ಲಿ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ಪೇಸ್ಟಿನ ಪರೀಕ್ಷೆ ಶುರುವಾಗುವ ಮೊದಲು, ನಮ್ಮ ಅಳತೆಯನ್ನು ನಂಬಬಹುದೇ ಎಂದು ಸಾಬೀತು ಮಾಡಬೇಕು. ಅಳೆಯುವ ಕಣ್ಣೇ ಅಲುಗಾಡುತ್ತಿದ್ದರೆ ಪೇಸ್ಟು ಕೆಲಸ ಮಾಡಿತೋ ಇಲ್ಲವೋ ಯಾರಿಗೆ ಗೊತ್ತು? ಅರವತ್ತು ಬಿಲ್ಲೆ. ಒಂದೊಂದೂ ನಂಬರು ಹಾಕಿದ ಒಂದೊಂದು ಪುಟ್ಟ ಸೀಸೆಯ ನೀರಿನಲ್ಲಿ. ಇಬ್ಬರೂ ಒಂದು ಸಲ ಅಳೆಯಬೇಕು, ಎರಡು ವಾರ ಬಿಟ್ಟು ಅದೇ ಅರವತ್ತನ್ನು ಮತ್ತೆ ಅಳೆಯಬೇಕು. ಯಾರ ಎರಡು ಸುತ್ತು ಒಂದಕ್ಕೊಂದು ಹತ್ತಿರ ಬರುತ್ತವೋ ಅವರೇ ಮುಂದಿನ ಮೂರು ವರ್ಷ ಮುಖ್ಯ ಅಳತೆಗಾರರು. ಪ್ರಬಂಧದಲ್ಲಿ ಅವರ ಹೆಸರು ಮೇಡಂ ಹೆಸರಿನ ಪಕ್ಕದಲ್ಲಿ.

"ನಂಬರ್ ನೋಡಿ ಅಳೀಬ್ಯಾಡ್ರಿ. ಹಿಂದ ಏನ್ ಬರದಿದ್ವಿ ಅಂತ ನೆನಸಬ್ಯಾಡ್ರಿ. ಕಣ್ಣಿಗೆ ಕಂಡದ್ದಷ್ಟ ಬರೀರಿ," ಎಂದರು ಮೇಡಂ.

ಮುಖ್ಯ ಅಳತೆಗಾರನ ಆ ಕುರ್ಚಿ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಸಿಕ್ಕಿತೆಂದೇ ಮೈಸೂರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿಬಿಟ್ಟಿದ್ದೆ. ಪಿಎಚ್.ಡಿ. ಅರ್ಜಿಯಲ್ಲಿ ಆ ಸಾಲು ಎಲ್ಲಿ ಬರಬೇಕು ಎಂದು ಜಾಗ ಬಿಟ್ಟುಕೊಂಡಿದ್ದೆ.

ಮೊದಲ ಸುತ್ತು ಮುಗಿಯಿತು. ಲಿಂಗಣ್ಣ ರಿಜಿಸ್ಟರಿನಲ್ಲಿ ಕನ್ನಡದ ಅಂಕಿಗಳಲ್ಲೇ ಬರೆಯುತ್ತಾರೆ, ಮುತ್ತು ಪೋಣಿಸಿದ ಹಾಗೆ. ಅದನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಪರೀಕ್ಷೆಯಲ್ಲಿರುವವನ ಕೈಗೆ ಇಬ್ಬರ ಅಂಕಿಗಳನ್ನೂ ಕೊಡಬಾರದಿತ್ತು. ಮೇಡಂ ನನ್ನನ್ನು ನಂಬಿದರು. ಹದಿನೇಳನೆಯ ಸೀಸೆ, ಲಿಂಗಣ್ಣ ನೂರಾ ನಾಲ್ಕು, ನಾನು ನೂರಾ ಹನ್ನೆರಡು. ಮೂವತ್ನಾಲ್ಕನೆಯದು, ಲಿಂಗಣ್ಣ ಇನ್ನೂರಾ ಐವತ್ತೊಂದು, ನಾನು ಇನ್ನೂರಾ ಅರವತ್ತೆಂಟು. ಹೀಗೆ ಒಂದೊಂದೇ ತುಂಬುತ್ತಾ ಹೋದಾಗ ನನಗೆ ಆ ಯೋಚನೆ ಬಂತು. ಒಮ್ಮೆ ಬಂದದ್ದು ಎರಡು ವಾರವಾದರೂ ಹೋಗಲಿಲ್ಲ.

ಎರಡನೆಯ ಸುತ್ತಿನ ಹಿಂದಿನ ಶುಕ್ರವಾರ ಮಧ್ಯಾಹ್ನ, ಮೇಡಂ ಮತ್ತು ಲಿಂಗಣ್ಣ ಊಟದ ಕೋಣೆಯಲ್ಲಿದ್ದಾಗ, ನಾನು ಚಿಮಟ ಹಿಡಿದು ಹದಿನೇಳರ ಬಿಲ್ಲೆಯನ್ನು ಮೂವತ್ನಾಲ್ಕಕ್ಕೂ ಮೂವತ್ನಾಲ್ಕರದನ್ನು ಹದಿನೇಳಕ್ಕೂ ಹಾಕಿದೆ. ಇನ್ನೂ ಎರಡು ಜೋಡಿ ಹೀಗೇ ಬದಲಿಸಿದೆ. ಒಟ್ಟು ಆರು ಬಿಲ್ಲೆ. ಒಂದೊಂದು ಜೋಡಿಯಲ್ಲೂ ಒಂದರ ಹುಳುಕು ಮೇಲುಮೇಲೆ, ಇನ್ನೊಂದರದು ಆಳ. ಸೋಮವಾರ ಲಿಂಗಣ್ಣನ ಸರದಿ, ಅವರ ಅಂಕಿಗಳು ದಿಕ್ಕಾಪಾಲಾಗುತ್ತವೆ. ಮಂಗಳವಾರ ನನ್ನ ಸರದಿ. ಬೆಳಿಗ್ಗೆ ಬೇಗ ಬಂದು ಆರನ್ನೂ ಮೊದಲಿನಂತೆ ಇಟ್ಟುಬಿಟ್ಟರೆ ಯಾರಿಗೂ ಸುಳಿವು ಸಿಗುವುದಿಲ್ಲ.

ಸೋಮವಾರ ನಾನು ಅವರ ಪಕ್ಕ ಡ್ರಾಪರ್ ಹಿಡಿದು ಕೂತೆ. ಹದಿನೇಳನೆಯ ಸೀಸೆಯ ಬಿಲ್ಲೆಯನ್ನು ಗಾಜಿನ ಮೇಲಿಟ್ಟಾಗ ಲಿಂಗಣ್ಣ ಸ್ವಲ್ಪ ಹೊತ್ತು ಕಣ್ಣು ಎತ್ತಲಿಲ್ಲ. ಆಮೇಲೆ ಅಂಕಿ ಬರೆದು ಮುಂದಕ್ಕೆ ಹೋದರು. ನಾನು ಒಳಗೊಳಗೇ ಕುಣಿದೆ.

ಮಂಗಳವಾರ ಎಂಟಕ್ಕೇ ಲ್ಯಾಬಿಗೆ ಬಂದರೆ ಲಿಂಗಣ್ಣ ಆಗಲೇ ಬಂದು ಅರವತ್ತು ಸೀಸೆಗಳನ್ನೂ ಸಾಲಾಗಿ ಜೋಡಿಸಿ, ಡ್ರಾಪರ್ ತೊಳೆದು ಕೂತಿದ್ದಾರೆ. ಮನೆಯಿರುವ ಬೋರಬಂಡಾದಿಂದ ಮೊದಲ ಬಸ್ಸು ಹಿಡಿದಿದ್ದರು.

"ಇಷ್ಟು ಬೇಗ ಯಾಕೆ ಬಂದ್ರಿ ಲಿಂಗಣ್ಣ?"

"ಇವತ್ತ ನಿಮ್ಮ ಸರದಿ ಐತಲ್ರೀ ಸರ. ತಂಪ ಹೊತ್ತಿನ್ಯಾಗ ಸುರು ಮಾಡಿದ್ರ ಕಣ್ಣಿಗೆ ಚಲೋ."

"ಚಹಾ ಕುಡಿದು ಬನ್ನಿ, ಹೋಗಿ."

"ಆಗೇತ್ರಿ. ನೀವ ಕುಂದರ್ರಿ."

ಆ ಮನುಷ್ಯ ಇಡೀ ದಿನ ಕುರ್ಚಿ ಬಿಟ್ಟು ಏಳಲಿಲ್ಲ. ಸೀಸೆಗಳನ್ನು ಮುಟ್ಟುವ ದಾರಿಯೇ ಇರಲಿಲ್ಲ. ಹದಿನೇಳು ಬಂತು. ಮೈಕ್ರೋಸ್ಕೋಪಿನೊಳಗೆ ಆಳವಾದ ಹುಳುಕು, ಇನ್ನೂರೈವತ್ತಕ್ಕೆ ಕಡಿಮೆ ಇಲ್ಲ. ಅದನ್ನೇ ಬರೆದರೆ ನನ್ನ ಎರಡು ಸುತ್ತೂ ಲಿಂಗಣ್ಣನದರಂತೆಯೇ ಹಾಳು. ನಾನು ನೆನಪಿನಿಂದ ನೂರಾ ಹದಿನೈದು ಎಂದು ಬರೆದೆ.

ಲಿಂಗಣ್ಣ ಅಂಕಿಯನ್ನು ನೋಡಿದರು. ಬಿಲ್ಲೆಗೆ ಒಂದು ಹನಿ ನೀರು ಹಾಕಿದರು.

"ಇನ್ನೊಮ್ಮಿ ನೋಡ್ರಿ ಸರ. ಅವಸರ ಏನಿಲ್ಲ."

"ನೋಡಿದ್ದೀನಿ," ಎಂದು ರೇಗಿದೆ. "ನನಗೂ ಕಣ್ಣಿದೆ."

ಮೂವತ್ನಾಲ್ಕಕ್ಕೂ ಅವರು ಅದೇ ಮಾತು ಹೇಳಿದರು. ಉಳಿದ ನಾಲ್ಕಕ್ಕೂ ಹೇಳಿದರು. ಮಿಕ್ಕ ಐವತ್ತನಾಲ್ಕಕ್ಕೆ ಒಮ್ಮೆಯೂ ಹೇಳಲಿಲ್ಲ. ಇದು ನನಗೆ ಆಗ ಹೊಳೆಯಲೇ ಇಲ್ಲ. ಏಳನೇ ಇಯತ್ತೆಯವನಿಂದ ಪಾಠ ಹೇಳಿಸಿಕೊಳ್ಳಬೇಕಾಯಿತಲ್ಲ ಎಂಬ ಉರಿಯಲ್ಲೇ ಇದ್ದೆ.

ಗುರುವಾರ ಮೇಡಂ ಇಬ್ಬರನ್ನೂ ಒಳಗೆ ಕರೆದರು. ಮೇಜಿನ ಮೇಲೆ ಎರಡು ಹಾಳೆ, ಒಂದರಲ್ಲಿ ಲಿಂಗಣ್ಣನ ಅಳತೆ, ಇನ್ನೊಂದರಲ್ಲಿ ನನ್ನದು, ಚುಕ್ಕೆ ಚುಕ್ಕೆಯಾಗಿ. ಎರಡು ಸುತ್ತಿನ ಅಳತೆ ಒಂದೇ ಬಂದರೆ ಚುಕ್ಕೆ ಗೆರೆಯ ಮೇಲೆ ಕೂರುತ್ತದೆ. ಲಿಂಗಣ್ಣನ ಐವತ್ತನಾಲ್ಕು ಚುಕ್ಕೆಗಳು ಗೆರೆಯ ಮೇಲೆ ಇರುವೆ ಸಾಲಿನಂತೆ ಕೂತಿದ್ದವು. ಆರು ಮಾತ್ರ ಎಲ್ಲೋ ದೂರ ಸಿಡಿದಿದ್ದವು. ನನ್ನ ಚುಕ್ಕೆಗಳು ಗೆರೆಯ ಆಚೆ ಈಚೆ ಚೆಲ್ಲಾಡಿದ್ದವು. ಆರು ಮಾತ್ರ ಗೆರೆಯ ಮೇಲೇ ಇದ್ದವು.

"ಲಿಂಗಣ್ಣ, ಈ ಆರು ಯಾಕ ಹಿಂಗ ಬಂದಾವ್ರಿ?" ಮೇಡಂ ಕೇಳಿದರು. "ಹದಿನೇಳಕ್ಕ ಮೊದಲ ನೂರಾ ನಾಕು ಬರದೀರಿ. ಈಗ ಇನ್ನೂರಾ ಐವತ್ತಮೂರು. ಮೂವತ್ನಾಕಕ್ಕ ಮೊದಲ ಇನ್ನೂರಾ ಐವತ್ತೊಂದು, ಈಗ ನೂರಾ ಮೂರು. ಸಾಲು ತಪ್ಪಿ ಬರದ್ರೇನು?"

"ಇಲ್ರೀ. ಕಂಡದ್ದ ಬರದೀನ್ರಿ."

"ನಾನೂ ಹಂಗ ಅನ್ಕೊಂಡು ಸೀಸಿ ತಗದು ನೋಡಿದೆ. ಮೊದಲ ಸುತ್ತಿನ್ಯಾಗ ಒಂದೊಂದು ಬಿಲ್ಲಿ ಫೋಟೋ ನಾನ ತಗದಿಟ್ಟೀನಿ. ಹದಿನೇಳರ ಸೀಸಿಯೊಳಗ ಈಗ ಇರೋದು ಮೂವತ್ನಾಕರ ಬಿಲ್ಲಿ." ಮೇಡಂ ನನ್ನ ಕಡೆ ತಿರುಗಿದರು. "ಅದ ಬಿಲ್ಲಿನ ಮರುದಿನ ನೀನೂ ನೋಡೀದಿ, ಕೌಸ್ತುಭ. ಇನ್ನೂರಾ ಐವತ್ತು ಕಾಣಬೇಕಾದ್ದು ನಿನಗ ನೂರಾ ಹದಿನೈದು ಹೆಂಗ ಕಂಡ್ತು?"

ನಾನು ಕೆಡಿಸಲು ಹೋದದ್ದು ಅವರ ಅಳತೆಯನ್ನು. ಅದರಿಂದ ಆದದ್ದು ಇಷ್ಟೇ. ಬಿಲ್ಲೆ ಎಲ್ಲಿಗೆ ಹೋದರೂ ಅವರ ಅಂಕಿ ಅದರ ಹಿಂದೆಯೇ ಹೋಯಿತು. ನನ್ನದು ಸೀಸೆಯ ಮೇಲಿನ ನಂಬರಿಗೆ ಅಂಟಿಕೊಂಡು ನಿಂತಿತು. ಯಾರು ಬಿಲ್ಲೆ ಬದಲಿಸಿದರು ಎಂದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅರವತ್ತರಲ್ಲಿ ನಾನು ಗೆರೆಯ ಮೇಲೆ ಕೂತದ್ದು ನೋಡದೆ ಬರೆದ ಆರರಲ್ಲಿ ಮಾತ್ರ.

"ನಾನೇ ಮೇಡಂ," ಎಂದೆ. "ಶುಕ್ರವಾರ ಬದಲಿಸಿದೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಅವರು ಲಿಂಗಣ್ಣನನ್ನು ಕೇಳಿದರು, "ನಿಮಗ ಸೋಮವಾರ ಗೊತ್ತಾಗಿತ್ತೇನ್ರಿ?"

"ಗೊತ್ತಾಗಿತ್ರಿ. ನಾನ ಉಜ್ಜಿದ ಬಿಲ್ಲಿ ಅಲ್ಲೇನ್ರೀ ಅವು? ಅಂಕಿ ನೆನಪಿರಲಿಲ್ಲ, ಈ ಸೀಸಿದಲ್ಲ ಅಂತ ತುಂಡ ಗುರ್ತ ಸಿಕ್ತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನಂಬರ್ ನೋಡಬ್ಯಾಡ್ರಿ ಅಂದಿದ್ರಲ್ರೀ ನೀವ. ನಾ ಸೀಸಿ ಅಳೀಲಿಲ್ರೀ, ಹಲ್ಲ ಅಳದೆ." ಆಮೇಲೆ ಅಂದರು, "ಯಾರ ಬದ್ಲಿ ಮಾಡ್ಯಾರ ಅಂತ ಖರೇನ ಗೊತ್ತಿರಲಿಲ್ರಿ. ಮಂಗಳಾರ ಸರ ಬರಿಯೂದ ನೋಡಿದ ಮ್ಯಾಲ ಗೊತ್ತಾತು. ಇನ್ನೊಮ್ಮಿ ನೋಡ್ರಿ ಅಂತ ಹೇಳಿದ್ನಿರಿ. ಆರ ಸಲ ಹೇಳಿದ್ನಿ."

ಆಗ ನನಗೆ ಆದ ನಾಚಿಕೆಯನ್ನು ಬರೆಯಲು ನನಗೆ ಬರುವುದಿಲ್ಲ. ಒಂದಿಡೀ ದಿನ ಆ ಮನುಷ್ಯ ನನ್ನ ಪಕ್ಕದಲ್ಲಿ ಎಲ್ಲ ತಿಳಿದೂ ನೀರು ಹಾಕುತ್ತಾ ಕೂತಿದ್ದರು, ನಾನು ಸರಿಯಾದದ್ದನ್ನು ಬರೆಯಲಿ ಎಂದು ಕಾಯುತ್ತಾ. ನಾನು ಅವರ ಮೇಲೆ ರೇಗಿದ್ದೆ.

ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ಬಂದರು. "ಇವನನ್ನ ಏನ ಮಾಡ್ಲಿ, ನೀವ ಹೇಳ್ರಿ ಲಿಂಗಣ್ಣ. ಕೆಡಸಾಕ ಹೋಗಿದ್ದು ನಿಮ್ಮ ಹೆಸರನ್ನ."

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಕ್ಷಣದಲ್ಲೂ ನನಗೆ ಧೈರ್ಯವಿತ್ತು. ರೊಟ್ಟಿ ಹಂಚುವ ಮನುಷ್ಯ, ನಾಚುವ ಮನುಷ್ಯ, ಬಿಟ್ಟುಬಿಡ್ರಿ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರ ಒಳ್ಳೆಯತನವನ್ನೂ ನಾನು ಆಗಲೇ ನನ್ನ ಲೆಕ್ಕಕ್ಕೆ ಹಿಡಿದಿದ್ದೆ.

ಲಿಂಗಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ನನ್ನ ಮುಖವನ್ನು ನೋಡಿದರು, ಗಾಜಿನ ಮೇಲಿಟ್ಟ ಬಿಲ್ಲೆಯನ್ನು ನೋಡುವಷ್ಟೇ ಹೊತ್ತು.

"ಕೊಯ್ಯೋದು ಚಲೋ ಕೊಯ್ತಾರ್ರೀ ಸರ. ಮನಿಗೆ ಕಳಸಬ್ಯಾಡ್ರಿ," ಎಂದರು. "ಆದ್ರ ಅಳತಿಗೆ ಕುಂದ್ರಸಬ್ಯಾಡ್ರಿ."

"ಎಷ್ಟ ದಿನ?"

"ಈ ಕೆಲಸ ಮುಗಿಯೂ ತನಕ್ರಿ. ಮೂರೂ ವರ್ಷ."

ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. ಅಂಕಿ ಓದಿ ಹೇಳಿದ ಹಾಗಿತ್ತು. ಮೇಡಂ ತಲೆಯಾಡಿಸಿದರು. ಅಷ್ಟಕ್ಕೆ ಮುಗಿಯಿತು.

ಈಗ ಅಳತೆಯ ಎರಡನೆಯ ಕುರ್ಚಿಯಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇದ್ದಾಳೆ. ಬೀದರ್ ಕಡೆಯವಳು, ಬರಿಯ ಬಿ.ಎಸ್ಸಿ. ಲಿಂಗಣ್ಣ ಪಕ್ಕದಲ್ಲಿ ಕೂತು ಅವಳಿಗೆ ಕಲಿಸುತ್ತಾರೆ. ಬಂದಾಗ ಅವಳ ಎರಡು ಅಳತೆಗಳ ನಡುವೆ ನನ್ನದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತಿತ್ತು, ನಲವತ್ತರ ಹತ್ತಿರ. ಈಗ ಒಂಬತ್ತಕ್ಕೆ ಇಳಿದಿದೆ. ನೂರು ಸಲ ತಪ್ಪು ಬರೆದಳು, ನೂರು ಸಲವೂ ಕಂಡದ್ದನ್ನೇ ಬರೆದಳು. ಹಾಗೆ ಕಲಿಯಬಹುದಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಹುಟ್ಟಿನಿಂದ ಬಂದ ಕಣ್ಣು ಎಂದುಕೊಂಡು ಉರಿದುಕೊಂಡೆ. ಈಗ ಇಬ್ಬರನ್ನು ಕಂಡರೂ ಹೊಟ್ಟೆಕಿಚ್ಚು.

ನಾನು ಆಚೆ ಕೋಣೆಯಲ್ಲಿ ಚಕ್ರದ ಮುಂದೆ ಕೂತು ಹಲ್ಲು ಕೊಯ್ಯುತ್ತೇನೆ. ಅಮ್ಮ ಫೋನಿನಲ್ಲಿ ಕೇಳುತ್ತಾಳೆ, ಮುಖ್ಯ ಅಳತೆಗಾರನ ಕೆಲಸ ಹೇಗಿದೆ ಮಗಾ, ಎಂದು. ಚೆನ್ನಾಗಿದೆ ಎನ್ನುತ್ತೇನೆ. ಲಿಂಗಣ್ಣ ಈಗಲೂ ನನ್ನನ್ನು 'ಸರ' ಎಂದೇ ಕರೆಯುತ್ತಾರೆ, ಊಟಕ್ಕೆ ರೊಟ್ಟಿ ಕೊಡುತ್ತಾರೆ, ನಾನು ಕೊಯ್ದ ಬಿಲ್ಲೆಯನ್ನು ಬೆಳಕಿಗೆ ಹಿಡಿದು 'ಚಲೋ ಬಂದೈತ್ರಿ' ಎನ್ನುತ್ತಾರೆ. ಕೊಯ್ಯುವುದು ಚಲೋ, ಅಳತೆಗೆ ಬೇಡ ಎಂದು ಅವರು ನನ್ನ ಬಗ್ಗೆ ಅಂದು ಹೇಳಿದ ಆ ಎರಡು ಮಾತು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ದಿನಾ ಅನ್ನಿಸುತ್ತದೆ. ಆಗ ಅವರ ಜೊತೆ ಜಗಳವಾದರೂ ಆಡಬಹುದಿತ್ತು.